ತೆಂಗಿನೆಣ್ಣೆಯ ಎಸ್ಟರ್ ಪಾಚಿಗೆ ವಿಷವೇ? ಒಂದು ಪರೀಕ್ಷೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಆಫ್‌ಸೆಟ್ ಮುದ್ರಣಾಲಯಗಳಲ್ಲಿ ರೋಲರ್‌ಗಳಿಗೆ ಅಂಟಿದ ಶಾಯಿಯನ್ನು ತೊಳೆಯಲು ಬಹುಕಾಲದಿಂದ ಪೆಟ್ರೋಲಿಯಂ ಮೂಲದ ದ್ರಾವಕಗಳನ್ನೇ ಬಳಸುತ್ತ ಬಂದಿದ್ದಾರೆ. ಅವು ಬೇಗ ಆವಿಯಾಗಿ ಕೆಲಸಗಾರರ ಉಸಿರಿಗೆ ಸೇರುತ್ತವೆ, ಬೆಂಕಿಯ ಭಯವೂ ಇರುತ್ತದೆ. ಅವುಗಳ ಜಾಗಕ್ಕೆ ಸಸ್ಯಜನ್ಯ ಎಣ್ಣೆಗಳಿಂದ ತಯಾರಿಸಿದ, ಕೊಬ್ಬಿನಾಮ್ಲಕ್ಕೆ ಆಲ್ಕೊಹಾಲ್ ಜೋಡಿಸಿದ ಸಂಯುಕ್ತಗಳಾದ ಎಸ್ಟರ್‌ಗಳು ಬರುತ್ತಿವೆ. ತೆಂಗು ಬೆಳೆಯುವ ಜಿಲ್ಲೆಯೊಂದರ ಸಣ್ಣ ಉದ್ದಿಮೆಯೊಂದು ಇಂಥದೊಂದು ಎಸ್ಟರನ್ನು ತಯಾರಿಸಿ ಯುರೋಪಿಗೆ ಕಳಿಸಲು ಹೊರಟಿತ್ತು. ಆ ಸಂದರ್ಭದಲ್ಲಿ ನಾನು ಹೊಣೆ ಹೊತ್ತು ನಡೆಸಿದ ಪಾಚಿ ಪರೀಕ್ಷೆಯ ವಿವರಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದಿಮೆ, ಪ್ರಯೋಗಾಲಯ ಮತ್ತು ವ್ಯಕ್ತಿಗಳು ಗುರುತು ಸಿಗದಂತೆ ಎಚ್ಚರ ವಹಿಸಿದ್ದೇನೆ. ನಮಗೆ ಬಂದ ಮಾದರಿಯ ಅಳತೆಗಳನ್ನೂ ಅದೇ ಕಾರಣಕ್ಕೆ ಸ್ಥೂಲವಾಗಿ ಕೊಟ್ಟಿದ್ದೇನೆ.

ಎಣ್ಣೆಗೆ ಮೆಥನಾಲ್ ಮತ್ತು ಕ್ಷಾರದ ವೇಗವರ್ಧಕ ಸೇರಿಸಿ ಬಿಸಿಮಾಡಿದರೆ ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ, ಮೇಲೆ ಮೀಥೈಲ್ ಎಸ್ಟರ್‌ಗಳ ತಿಳಿಯಾದ ದ್ರವ ನಿಲ್ಲುತ್ತದೆ. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 12 ಇಂಗಾಲಗಳ ಲಾರಿಕ್ ಆಮ್ಲ. 14 ಇಂಗಾಲಗಳ ಮಿರಿಸ್ಟಿಕ್ ಆಮ್ಲ ಐದನೇ ಒಂದು ಭಾಗದ ಸಮೀಪ ಇರುತ್ತದೆ. ಉಳಿದದ್ದು 8 ಮತ್ತು 10 ಇಂಗಾಲಗಳ ಗಿಡ್ಡ ಸರಪಳಿಗಳು, 16 ಮತ್ತು 18 ಇಂಗಾಲಗಳ ಉದ್ದ ಸರಪಳಿಗಳು. ಹೀಗಾಗಿ 'ತೆಂಗಿನೆಣ್ಣೆಯ ಮೀಥೈಲ್ ಎಸ್ಟರ್' ಎಂಬ ಒಂದೇ ಹೆಸರಿನ ಕೆಳಗೆ ಐದಾರು ವಸ್ತುಗಳಿವೆ. ಸರಪಳಿ ಉದ್ದವಾದಂತೆ ನೀರಿನಲ್ಲಿ ಕರಗುವ ಗುಣ ಬಹಳ ವೇಗವಾಗಿ ಕುಗ್ಗುತ್ತದೆ. 8 ಇಂಗಾಲದ ಎಸ್ಟರ್ ಒಂದಿಷ್ಟಾದರೂ ಕರಗುತ್ತದೆ, 18 ಇಂಗಾಲದ್ದು ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಮುಂದಿನ ಎಲ್ಲ ತೊಡಕಿನ ಬೇರು ಇಲ್ಲಿದೆ.

ಯುರೋಪಿನಲ್ಲಿ ರಾಸಾಯನಿಕಗಳ ನೋಂದಣಿಯನ್ನು ನಿಯಂತ್ರಿಸುವ ರೀಚ್ ನಿಯಮದ ಪ್ರಕಾರ ವರ್ಷಕ್ಕೆ 1 ಟನ್‌ ಅಥವಾ ಅದಕ್ಕಿಂತ ಹೆಚ್ಚು ಆಮದಾಗುವ ವಸ್ತುವಿಗೆ ಪಾಚಿಯ ಬೆಳವಣಿಗೆಯ ಮೇಲೆ ಅದು ಬೀರುವ ಪರಿಣಾಮದ ಮಾಹಿತಿ ಬೇಕು. 2011ರಲ್ಲಿ ಭಾರತ, ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿಯ ದತ್ತಾಂಶ ಪರಸ್ಪರ ಸ್ವೀಕಾರ ವ್ಯವಸ್ಥೆಗೆ ಪೂರ್ಣವಾಗಿ ಸೇರಿದ್ದರಿಂದ, ಇಲ್ಲಿನ ಜಿಎಲ್‌ಪಿ (ಉತ್ತಮ ಪ್ರಯೋಗಾಲಯ ಪದ್ಧತಿ) ಮಾನ್ಯತೆಯ ಪ್ರಯೋಗಾಲಯದಲ್ಲಿ ಮಾಡಿದ ಪರೀಕ್ಷೆಯನ್ನು ಅಲ್ಲಿ ಮತ್ತೆ ಮಾಡಬೇಕಾಗಿಲ್ಲ. ಈ ಕೆಲಸ ನಮ್ಮ ಮೇಜಿಗೆ ಬಂದದ್ದು ಹಾಗೆ.

ಪರೀಕ್ಷೆ ಒಇಸಿಡಿಯ 201ನೇ ಮಾರ್ಗಸೂಚಿಯದು. ಅದಕ್ಕೆ ಬಳಸುವ ರಾಫಿಡೋಸೆಲಿಸ್ ಸಬ್‌ಕ್ಯಾಪಿಟಾಟ ಎಂಬ ಹಸಿರು ಪಾಚಿಯ ತಳಿಯನ್ನು 1959ರಲ್ಲಿ ನಾರ್ವೆಯ ನಿಟೆಲ್ವಾ ನದಿಯಿಂದ ಬೇರ್ಪಡಿಸಲಾಗಿತ್ತು. ಇಂದು ಜಗತ್ತಿನ ಬಹುತೇಕ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿರುವುದು ಅದರ ಸಂತತಿಯೇ. ಸೂಕ್ಷ್ಮದರ್ಶಕದ ಕೆಳಗೆ ಅದು ಬಿದಿಗೆ ಚಂದ್ರನಂತೆ ಬಾಗಿದ ಹಸಿರು ಗೆರೆ. ಉದ್ದ 8ರಿಂದ 14 ಮೈಕ್ರೊಮೀಟರ್, ಅಗಲ 2ರಿಂದ 3. ಪ್ರತಿ ಮಿಲಿಲೀಟರಿಗೆ ಸುಮಾರು 10,000 ಕೋಶಗಳಿಂದ ಆರಂಭಿಸಿ, 21ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಡೆಬಿಡದ ಬೆಳಕಿನಲ್ಲಿ ಫ್ಲಾಸ್ಕ್‌ಗಳನ್ನು ಅಲುಗಾಡಿಸುತ್ತ 72 ಗಂಟೆ ಬೆಳೆಸಬೇಕು. ವಸ್ತು ಬೆರೆಸದ ನಿಯಂತ್ರಣ ಫ್ಲಾಸ್ಕ್‌ಗಳಲ್ಲಿ ಪಾಚಿ ಕನಿಷ್ಠ 16 ಪಟ್ಟು ಹೆಚ್ಚಬೇಕು. ಬೇರೆ ಬೇರೆ ಸಾಂದ್ರತೆಯ ಫ್ಲಾಸ್ಕ್‌ಗಳಲ್ಲಿ ಬೆಳವಣಿಗೆಯ ದರ ಎಷ್ಟು ಕುಗ್ಗಿತೆಂದು ಲೆಕ್ಕ ಹಾಕಿ, ಅದನ್ನು ಅರ್ಧಕ್ಕಿಳಿಸುವ ಸಾಂದ್ರತೆಯನ್ನು ಇಆರ್‌ಸಿ50 ಎಂದು ವರದಿ ಮಾಡಬೇಕು.

'ಬೆಳವಣಿಗೆಯ ದರ' ಎಂಬುದಕ್ಕೆ ಇಷ್ಟು ಒತ್ತು ಯಾಕೆಂದು ಹೊಸಬರು ಕೇಳುತ್ತಾರೆ. ನಿಯಂತ್ರಣದಲ್ಲಿ ಪಾಚಿ ಮೂರು ದಿನದಲ್ಲಿ 10,000ದಿಂದ 10 ಲಕ್ಷಕ್ಕೆ ಏರಿತು, ವಸ್ತು ಬೆರೆತ ಫ್ಲಾಸ್ಕಿನಲ್ಲಿ 1 ಲಕ್ಷಕ್ಕೆ ನಿಂತಿತು ಎಂದುಕೊಳ್ಳಿ. ದರದ ಲೆಕ್ಕದಲ್ಲಿ ಕುಗ್ಗಿದ್ದು ಸರಿಯಾಗಿ ಶೇ 50. ಒಟ್ಟು ಇಳುವರಿಯ ಲೆಕ್ಕದಲ್ಲಿ ಕುಗ್ಗಿದ್ದು ಶೇ 91. ಫ್ಲಾಸ್ಕ್ ಅದೇ, ಪಾಚಿಯೂ ಅದೇ. ಯಾವ ಲೆಕ್ಕವೆಂದು ಬರೆಯದೆ ಬರೀ ಸಂಖ್ಯೆ ಕೊಟ್ಟ ವರದಿಯನ್ನು ನಾನು ನಂಬುವುದಿಲ್ಲ.

ಮೊದಲ ಪರೀಕ್ಷೆ

ಯುರೋಪಿನಲ್ಲಿ ಉದ್ದಿಮೆಯ ಪರವಾಗಿ ಕೆಲಸ ಮಾಡುತ್ತಿದ್ದ ಸಲಹೆಗಾರರಿಗೆ ಫಲಿತಾಂಶ ಬೇಗ ಬೇಕಿತ್ತು. ಕರಗದ ವಸ್ತುವನ್ನು ಸ್ವಲ್ಪ ಅಸಿಟೋನ್‌ನಲ್ಲಿ ಕರಗಿಸಿ ನೀರಿಗೆ ಸೇರಿಸುವುದು ಹಳೆಯ, ಸುಲಭದ ದಾರಿ. ಹಾಗೆ ಬಳಸುವ ದ್ರಾವಕ ಲೀಟರಿಗೆ 0.1 ಮಿ.ಲೀ. ಮೀರಬಾರದೆಂಬ ಮಿತಿಯಿದೆ. ಆ ಮಿತಿಯೊಳಗೆ ನಾವು ಲೀಟರಿಗೆ 0.32ರಿಂದ 32 ಮಿ.ಗ್ರಾಂ.ವರೆಗೆ ಐದು ಸಾಂದ್ರತೆಗಳನ್ನು ಸಿದ್ಧಪಡಿಸಿದೆವು. ಅಸಿಟೋನ್‌ನಲ್ಲಿ ಸ್ಫಟಿಕದಷ್ಟು ತಿಳಿಯಾಗಿದ್ದ ದ್ರಾವಣ ಮೇಲಿನ ಎರಡು ಸಾಂದ್ರತೆಗಳಲ್ಲಿ ನೀರಿಗೆ ಬಿದ್ದೊಡನೆ ಅಕ್ಕಿ ತೊಳೆದ ನೀರಿನಂತೆ ಮಸುಕಾಯಿತು. ಆ ಮಸುಕನ್ನು ನಾನು ನೋಡಿದೆ, ಪುಸ್ತಕದಲ್ಲಿ ಬರೆದುಕೊಂಡೆ, ಆದರೆ ಪರೀಕ್ಷೆಯನ್ನು ನಿಲ್ಲಿಸಲಿಲ್ಲ. ನಿಲ್ಲಿಸಬೇಕಿತ್ತು.

ಮೂರು ದಿನದ ನಂತರ ಬಂದ ಫಲಿತಾಂಶ ವಿಚಿತ್ರವಾಗಿತ್ತು. 1 ಮಿ.ಗ್ರಾಂ.ವರೆಗೆ ಏನೂ ಆಗಿರಲಿಲ್ಲ, 3.2ರಲ್ಲಿ ಬೆಳವಣಿಗೆ ಸ್ವಲ್ಪ ತಗ್ಗಿತ್ತು, 10ರಲ್ಲಿ ಅರ್ಧಕ್ಕೂ ತುಸು ಹೆಚ್ಚೇ ಕುಸಿದಿತ್ತು, ಆದರೆ 32ರಲ್ಲಿ ಪಾಚಿ 10ರಲ್ಲಿದ್ದದ್ದಕ್ಕಿಂತ ಚೆನ್ನಾಗಿ ಬೆಳೆದಂತೆ ಕಾಣಿಸಿತು. ಒಂದೇ ಸಾಂದ್ರತೆಯ ಮೂರು ಫ್ಲಾಸ್ಕ್‌ಗಳ ನಡುವೆಯೂ ದೊಡ್ಡ ಅಂತರವಿತ್ತು. ಹೀಗಿದ್ದರೂ ಮಾರ್ಗಸೂಚಿಯ ಎಲ್ಲ ಮಾನದಂಡಗಳೂ ಈಡೇರಿದ್ದವು. ನಿಯಂತ್ರಣದ ಪಾಚಿ 16 ಪಟ್ಟಿಗಿಂತ ಎಷ್ಟೋ ಹೆಚ್ಚು ಬೆಳೆದಿತ್ತು, ಏರುಪೇರು ಮಿತಿಯೊಳಗಿತ್ತು, ಪಿಎಚ್ 1.5ಕ್ಕಿಂತ ಹೆಚ್ಚು ಸರಿದಿರಲಿಲ್ಲ. ಆ ಮಾನದಂಡಗಳೆಲ್ಲ ನಿಯಂತ್ರಣ ಫ್ಲಾಸ್ಕ್‌ಗಳ ಆರೋಗ್ಯವನ್ನು ಅಳೆಯುತ್ತವೆಯೇ ಹೊರತು, ಉಳಿದ ಫ್ಲಾಸ್ಕ್‌ಗಳಲ್ಲಿ ನಾವು ಅಳೆದದ್ದು ಏನನ್ನು ಎಂದು ಕೇಳುವುದಿಲ್ಲ.

ಲೆಕ್ಕದ ಪ್ರಕಾರ ಇಆರ್‌ಸಿ50 ಲೀಟರಿಗೆ 10 ಮಿ.ಗ್ರಾಂ.ಗಿಂತ ತುಸು ಕೆಳಗೆ ಬಂತು. ಅದು 1 ಮತ್ತು 10ರ ನಡುವೆ ಬಿದ್ದು, ವಸ್ತು ಕೊಬ್ಬಿನಲ್ಲಿ ಸುಲಭವಾಗಿ ಸೇರುವಂಥದೂ ಆಗಿದ್ದರಿಂದ, ಡ್ರಮ್ಮಿನ ಮೇಲೆ ಸತ್ತ ಮರ ಮತ್ತು ಸತ್ತ ಮೀನಿನ ಚಿತ್ರ ಅಂಟಿಸಬೇಕಾದ ವರ್ಗಕ್ಕೆ ಅದು ಸೇರುತ್ತಿತ್ತು. ಉದ್ದಿಮೆಯ ಮಾಲೀಕರು ಸುದ್ದಿ ಕೇಳಿದ ಸಂಜೆಯೇ ಫೋನ್ ಮಾಡಿದರು.

"ಮೇಡಂ, ಇದೇ ಎಣ್ಣೇನ ನಾವು ತಲೆಗೆ ಹಚ್ಕೋತೀವಿ, ಒಗ್ಗರಣೆಗೂ ಹಾಕ್ತೀವಿ. ಪಾಚಿಗೆ ವಿಷ ಅಂದ್ರೆ ಹೆಂಗೆ ನಂಬೋದು?"

"ಎಣ್ಣೆ ಬೇರೆ, ಎಸ್ಟರ್ ಬೇರೆ ಸಾರ್. ಆದರೆ ಈ ಅಂಕಿ ನನಗೂ ಒಪ್ಪಿಗೆ ಆಗ್ತಿಲ್ಲ. ಒಂದು ವಾರ ಟೈಮ್ ಕೊಡಿ."

ವಾರವೆಂದದ್ದು ನಾಲ್ಕು ತಿಂಗಳಾಯಿತು.

ಎಣಿಕೆಯಲ್ಲಿದ್ದ ದೋಷ

ತಿರುವಿಗೆ ಕಾರಣಳಾದವಳು ನಮ್ಮ ತಂಡಕ್ಕೆ ಹೊಸದಾಗಿ ಸೇರಿದ್ದ ವಿಶ್ಲೇಷಕಿ. ಫ್ಲಾಸ್ಕ್‌ಗಳನ್ನು ತೊಳೆಯಲು ಕಳಿಸುವ ಮುನ್ನ ಅವಳು 32 ಮಿ.ಗ್ರಾಂ. ಫ್ಲಾಸ್ಕ್ ಒಂದನ್ನು ಬೆಳಕಿಗೆ ಎತ್ತಿ ಹಿಡಿದಿದ್ದಳು. ನೀರಿನ ಮೇಲ್ಮೈ ಗಾಜನ್ನು ತಾಗುವ ಕಡೆ, ದಾರದಷ್ಟು ತೆಳುವಾದ ಹಸಿರು ಬಳೆಯೊಂದು ಅಂಟಿಕೊಂಡಿತ್ತು. ಕೆಳಗಿನ ನೀರಿನಲ್ಲಿ ಹಸಿರೇ ಇರಲಿಲ್ಲ. ಆ ಬಳೆಯಿಂದ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನು ಕರೆದಳು. ದುಂಡನೆಯ ಎಣ್ಣೆಹನಿಗಳು, ಅವುಗಳ ಅಂಚಿಗೆ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಅಂಟಿದ ಬಾಗಿದ ಹಸಿರು ಕೋಶಗಳು. ಕೆಲವು ಹನಿಯೊಳಗೇ ಮುಳುಗಿದ್ದವು. ಅಂಟದೆ ಉಳಿದ ನೂರಾರು ಸಣ್ಣ ಹನಿಗಳು 3ರಿಂದ 6 ಮೈಕ್ರೊಮೀಟರ್ ಗಾತ್ರದವು.

ಆ ಗಾತ್ರವೇ ಒಗಟನ್ನು ಬಿಡಿಸಿತು. ನಾವು ಕೋಶಗಳನ್ನು ಎಣಿಸುತ್ತಿದ್ದದ್ದು ವಿದ್ಯುತ್ ಕಣ ಗಣಕದಿಂದ. ಸಣ್ಣ ರಂಧ್ರದ ಮೂಲಕ ಹಾಯುವ ಪ್ರತಿ ಕಣದ ಘನಗಾತ್ರವನ್ನು ಅದು ಅಳೆಯುತ್ತದೆ, ಆಕಾರವನ್ನೂ ಬಣ್ಣವನ್ನೂ ಅಲ್ಲ. ಪಾಚಿಯ ಕೋಶದಷ್ಟೇ ಗಾತ್ರದ ಎಣ್ಣೆಹನಿ ಅದರ ಲೆಕ್ಕದಲ್ಲಿ ಪಾಚಿಯೇ. 32ರಲ್ಲಿ ಪಾಚಿ ಬೆಳೆದಂತೆ ಕಂಡದ್ದು ಎಣ್ಣೆಯ ಎಣಿಕೆಯಿಂದ.

ಉಳಿಸಿಟ್ಟ ಮಾದರಿಗಳಿಂದ ಕ್ಲೋರೊಫಿಲನ್ನು ಹೊರತೆಗೆದು ಅದರ ಪ್ರತಿದೀಪ್ತಿಯನ್ನು (ಬೆಳಕು ಬಿದ್ದಾಗ ಅದು ಹೊಮ್ಮಿಸುವ ಹೊಳಪನ್ನು) ಅಳೆದೆವು, ಜೊತೆಗೆ ಎಣಿಕೆ ಗಾಜಿನ ಮೇಲೆ ಕಣ್ಣಿನಿಂದಲೂ ಎಣಿಸಿದೆವು. ಈ ಸಲ 32ರಲ್ಲಿ ಬೆಳವಣಿಗೆ ಸೊನ್ನೆಯ ಸಮೀಪ. 10ರಲ್ಲೂ ಮೊದಲು ಕಂಡದ್ದಕ್ಕಿಂತ ಹೆಚ್ಚು ಕುಸಿತ. ತಪ್ಪನ್ನು ತಿದ್ದಿದಾಗ ಫಲಿತಾಂಶ ಉದ್ದಿಮೆಗೆ ಇನ್ನಷ್ಟು ಪ್ರತಿಕೂಲವಾಯಿತು. ಅದನ್ನು ಮಾಲೀಕರಿಗೆ ತಿಳಿಸುವುದು ಕಷ್ಟವಾಗಿತ್ತು. ಆದರೂ ಆ ದಿನವೇ ತಿಳಿಸಿದೆ. ಅನುಕೂಲವಾದ ತಿದ್ದುಪಡಿಯನ್ನು ಮಾತ್ರ ಮುಂದೆ ಹೇಳುವ ಪ್ರಯೋಗಾಲಯದ ಮಾತಿಗೆ ಆಮೇಲೆ ಬೆಲೆ ಇರುವುದಿಲ್ಲ.

ಕೋಶಗಳು ಸೊರಗಿದ್ದು ಹನಿಗಳ ನೆರಳಿನಿಂದ ಇರಬಹುದೇ ಎಂದೂ ನೋಡಿದೆವು. ಮಸುಕು ನೀರು ತುಂಬಿದ ಗಾಜಿನ ತಟ್ಟೆಯನ್ನು ದೀಪಕ್ಕೂ ನಿಯಂತ್ರಣದ ಫ್ಲಾಸ್ಕಿಗೂ ನಡುವೆ ಇಟ್ಟು ಮೂರು ದಿನ ಬೆಳೆಸಿದಾಗ ಗಮನಿಸುವಂಥ ವ್ಯತ್ಯಾಸ ಬರಲಿಲ್ಲ. ಹಾಗಾದರೆ ಕಾರಣ ಹನಿಗಳ ಅಂಟು. ಅದು ನಿಜವಾದ ಹಾನಿಯೇ, ಅನುಮಾನವಿಲ್ಲ. ಆದರೆ ನೀರಿನಲ್ಲಿ ಕರಗಿದ ವಸ್ತುವಿನ ವಿಷತ್ವ ಅದಲ್ಲ, ಮತ್ತು ಇಆರ್‌ಸಿ50 ಎಂಬ ಸಂಖ್ಯೆ ಹೇಳಬೇಕಾದದ್ದು ಕರಗಿದ ವಸ್ತುವಿನ ಬಗ್ಗೆ. ಹನಿಗಳ ಅಂಟು ಅಲುಗಾಟದ ವೇಗಕ್ಕೂ ಫ್ಲಾಸ್ಕಿನ ಆಕಾರಕ್ಕೂ ತಕ್ಕಂತೆ ಬದಲಾಗುತ್ತದೆ. ಬೇರೆ ಪ್ರಯೋಗಾಲಯದಲ್ಲಿ ಬೇರೆ ಸಂಖ್ಯೆ ಬರುತ್ತದೆ.

ಎರಡನೆಯ ದಾರಿ, ಮತ್ತೊಂದು ತೊಡಕು

ಇಂಥ ಕಷ್ಟದ ವಸ್ತುಗಳಿಗೆಂದೇ ಒಇಸಿಡಿಯ 23ನೇ ಮಾರ್ಗದರ್ಶಿ ದಾಖಲೆ ಇದೆ. 2000ದಲ್ಲಿ ಮೊದಲು ಬಂದು 2019ರಲ್ಲಿ ಪರಿಷ್ಕಾರಗೊಂಡದ್ದು. ಬಹುಘಟಕದ, ಅರೆಬರೆ ಕರಗುವ ಮಿಶ್ರಣಕ್ಕೆ ಅದು ಸೂಚಿಸುವ ವಿಧಾನವೆಂದರೆ, ಪ್ರತಿ ಪ್ರಮಾಣಕ್ಕೂ ಬೇರೆಯೇ ಬಾಟಲಿಯಲ್ಲಿ ವಸ್ತುವನ್ನು ನೀರಿನ ಮೇಲೆ ಹಾಕಿ, ಹನಿ ಒಡೆಯದಷ್ಟು ನಿಧಾನವಾಗಿ ಒಂದು ದಿನ ಕಲಕಿ, ನಿಲ್ಲಿಸಿ, ಕೆಳಗಿನ ತಿಳಿನೀರನ್ನು ಮಾತ್ರ ತೆಗೆದು ಅದರಲ್ಲಿ ಪಾಚಿಯನ್ನು ಬೆಳೆಸುವುದು. ಇಲ್ಲಿ ವರದಿಯಾಗುವುದು ಸಾಂದ್ರತೆಯ ಬದಲು ಹಾಕಿದ ಹೊರೆ, ಅಂದರೆ ಲೀಟರ್ ನೀರಿನ ಮೇಲೆ ಎಷ್ಟು ಮಿ.ಗ್ರಾಂ. ವಸ್ತು ಹಾಕಿದೆವು ಎಂಬುದು. ಒಂದೇ ಬಾಟಲಿಯ ತಿಳಿನೀರನ್ನು ತೆಳುಮಾಡಿ ಉಳಿದ ಪ್ರಮಾಣಗಳನ್ನು ಪಡೆಯುವಂತಿಲ್ಲ, ಏಕೆಂದರೆ ಹೊರೆ ಬದಲಾದಂತೆ ಕರಗುವ ಘಟಕಗಳ ಅನುಪಾತವೇ ಬದಲಾಗುತ್ತದೆ.

1ರಿಂದ 100 ಮಿ.ಗ್ರಾಂ. ಹೊರೆಯವರೆಗೆ ಐದು ಬಾಟಲಿಗಳನ್ನು ಹೂಡಿದೆವು. ಸುಳಿ ನೀರಿನ ಆಳದ ಹತ್ತನೇ ಒಂದು ಭಾಗ ಮೀರದಂತೆ ಕಲಕುವ ವೇಗವನ್ನು ಇಳಿಸಿದೆವು. ಮರುದಿನ ತಿಳಿನೀರನ್ನು ಕತ್ತಲೆ ಕೋಣೆಗೆ ಒಯ್ದು ಹಸಿರು ಲೇಸರ್ ಕಿರಣವನ್ನು ಬಾಟಲಿಯ ಮೂಲಕ ಹಾಯಿಸಿದೆವು. ಹನಿಗಳಿದ್ದರೆ ಕಿರಣದ ದಾರಿ ಬಿಸಿಲುಕೋಲಿನಲ್ಲಿ ಧೂಳು ಹೊಳೆದಂತೆ ಹೊಳೆಯುತ್ತದೆ. ಮೊದಲ ಪರೀಕ್ಷೆಯ ನೀರಿನಲ್ಲಿ ಅದು ಹಸಿರು ಸರಳಿನಂತೆ ಕಂಡಿತ್ತು. ಈ ಸಲ ಐದರಲ್ಲಿಯೂ ಏನೂ ಕಾಣಿಸಲಿಲ್ಲ. ಆ ಕತ್ತಲೆಯಲ್ಲಿ ನನಗಾದ ಸಮಾಧಾನ ಇಂದಿಗೂ ನೆನಪಿದೆ.

ಪಾಚಿ 10 ಮಿ.ಗ್ರಾಂ. ಹೊರೆಯವರೆಗೆ ನಿಯಂತ್ರಣದಷ್ಟೇ ಬೆಳೆಯಿತು. 32ರಲ್ಲಿ ಅಲ್ಪ, 100ರಲ್ಲಿ ಸುಮಾರು ಕಾಲು ಭಾಗ ದರ ಕುಗ್ಗಿತು. ಸಲಹೆಗಾರರು ಇಷ್ಟಕ್ಕೇ ತೃಪ್ತರಾದರು. ಅರ್ಧಕ್ಕಿಳಿಸುವ ಹೊರೆ 100ಕ್ಕಿಂತ ಹೆಚ್ಚೆಂದು ಬರೆದು ಮುಗಿಸೋಣ ಎಂದರು. ಬರೆಯಬಹುದಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಆದರೆ ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಒಂದೊಂದನ್ನೂ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಫಿಯ ಅಂಕಿಗಳು ಬೇರೆ ಕಥೆ ಹೇಳುತ್ತಿದ್ದವು. ತಿಳಿನೀರಿನಲ್ಲಿ ಕರಗಿದ್ದ ಲಾರಿಕ್ ಎಸ್ಟರ್ 10 ಮಿ.ಗ್ರಾಂ. ಹೊರೆಯ ಆಚೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿತ್ತು, ನೀರು ಅದನ್ನು ತುಂಬಿಕೊಂಡಾಗಿತ್ತು. ಪರಿಣಾಮ ಮಾತ್ರ ಹೊರೆಯೊಂದಿಗೆ ಏರುತ್ತಲೇ ಇತ್ತು. ನಿಂತ ವಸ್ತು ಏರುವ ಪರಿಣಾಮಕ್ಕೆ ಕಾರಣವಾಗಲಾರದು. ಮಿಶ್ರಣದಲ್ಲಿ ಇನ್ನಷ್ಟು ಚೆನ್ನಾಗಿ ಕರಗುವ ಬೇರೇನೋ ಇರಲೇಬೇಕಿತ್ತು.

ಮೊದಲ ಸಂಶಯ 8 ಇಂಗಾಲದ ಎಸ್ಟರಿನ ಮೇಲೆ ಬಂತು, ಏಕೆಂದರೆ ಅದರ ಮಟ್ಟ ಹೊರೆಯೊಂದಿಗೆ ಏರುತ್ತಿತ್ತು. ಶುದ್ಧ ಮೀಥೈಲ್ ಕ್ಯಾಪ್ರಿಲೇಟ್ ತರಿಸಿ ಅದೊಂದನ್ನೇ ಪರೀಕ್ಷಿಸಿದೆವು. ಅದು ನೀರಿನಿಂದ ಗಾಳಿಗೆ ಹಾರಿಹೋಗುವ ವಸ್ತುವಾದ್ದರಿಂದ ಫ್ಲಾಸ್ಕ್‌ಗಳನ್ನು ಅಂಚಿನವರೆಗೆ ತುಂಬಿ ಮುಚ್ಚಬೇಕಾಯಿತು, ಮುಚ್ಚಿದ ಫ್ಲಾಸ್ಕಿನಲ್ಲಿ ಪಾಚಿಗೆ ಇಂಗಾಲದ ಡೈಆಕ್ಸೈಡ್ ಸಾಲದೆ ಬರುವುದರಿಂದ ಮಾಧ್ಯಮದಲ್ಲಿ, ಅಂದರೆ ಪಾಚಿ ಬೆಳೆಯುವ ಪೋಷಕ ನೀರಿನಲ್ಲಿ, ಬೈಕಾರ್ಬೊನೇಟ್ ಹೆಚ್ಚಿಸಬೇಕಾಯಿತು. ಇಷ್ಟೆಲ್ಲ ಮಾಡಿ ಐದು ವಾರ ಕಳೆದ ಮೇಲೆ ಸಿಕ್ಕ ಉತ್ತರ, ತಿಳಿನೀರಿನಲ್ಲಿದ್ದ ಮಟ್ಟದಲ್ಲಿ ಅದು ಪಾಚಿಗೆ ಏನೂ ಮಾಡುವುದಿಲ್ಲವೆಂಬುದು. ಈ ಐದು ವಾರ ವ್ಯರ್ಥವೆಂದು ನಾನು ಹೇಳುವುದಿಲ್ಲ; ಆದರೆ ಅದಕ್ಕೆ ಮುಂಚೆ ಹತ್ತು ನಿಮಿಷದ ಒಂದು ಟೈಟ್ರೇಶನ್ ಮಾಡಬಹುದಿತ್ತು, ಮಾಡಿರಲಿಲ್ಲ.

ಮರೆಯಲ್ಲಿದ್ದ ಆಮ್ಲ

ಆ ಟೈಟ್ರೇಶನ್ ಎಂದರೆ ಆಮ್ಲ ಮೌಲ್ಯ, ಎಣ್ಣೆಯ ವ್ಯಾಪಾರದಲ್ಲಿರುವ ಎಲ್ಲರಿಗೂ ಗೊತ್ತಿರುವ 'ಆಸಿಡ್ ವ್ಯಾಲ್ಯೂ'. 1 ಗ್ರಾಂ ಮಾದರಿಯಲ್ಲಿರುವ ಬಿಡಿ ಆಮ್ಲವನ್ನು ತಟಸ್ಥಗೊಳಿಸಲು ಎಷ್ಟು ಮಿ.ಗ್ರಾಂ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕೆಂಬ ಅಳತೆ ಅದು. ಜೈವಿಕ ಡೀಸೆಲ್ಲಿನ ಯುರೋಪಿಯನ್ ಮಾನಕ ಇಎನ್ 14214ರಲ್ಲಿ ಇದು 0.50 ಮೀರಬಾರದು. ನಮ್ಮ ಮಾದರಿಯಲ್ಲಿ ಬಂದದ್ದು 4ರ ಸಮೀಪ.

ಲೆಕ್ಕ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. ಲಾರಿಕ್ ಆಮ್ಲದ ಅಣುತೂಕ 200, ಪೊಟ್ಯಾಸಿಯಂ ಹೈಡ್ರಾಕ್ಸೈಡಿನದು 56. ಆಮ್ಲ ಮೌಲ್ಯ 4 ಎಂದರೆ ಮಾದರಿಯ ಸುಮಾರು ಶೇ 1.4 ಭಾಗ ಬಿಡಿ ಲಾರಿಕ್ ಆಮ್ಲ. 100 ಮಿ.ಗ್ರಾಂ. ಹೊರೆಯಲ್ಲಿ ಅದು ಲೀಟರಿಗೆ 1.4 ಮಿ.ಗ್ರಾಂ. ಮಾಧ್ಯಮದ ಪಿಎಚ್ 8ರ ಆಸುಪಾಸಿನದು. ಅಲ್ಲಿ ಈ ಆಮ್ಲ ಆಮ್ಲವಾಗಿ ಉಳಿಯದೆ ಲಾರೇಟ್ ಆಗುತ್ತದೆ, ಅಂದರೆ ಸಾಬೂನು. ಎಸ್ಟರ್ ಎಣ್ಣೆಯಲ್ಲೇ ಉಳಿಯಲು ಬಯಸಿದರೆ ಲಾರೇಟ್ ನೀರಿಗೆ ಇಳಿಯುತ್ತದೆ, ಕೋಶದ ಪೊರೆಯನ್ನು ಕೆಡಿಸುತ್ತದೆ. ಮಧ್ಯಮ ಉದ್ದದ ಬಿಡಿ ಕೊಬ್ಬಿನಾಮ್ಲಗಳು ಪಾಚಿಗೆ ಹಾನಿಕರವೆಂಬುದು ಹೊಸ ವಿಷಯವೇನಲ್ಲ.

ಹಾಗಿದ್ದರೆ ಕ್ರೊಮ್ಯಾಟೊಗ್ರಫಿಯಲ್ಲಿ ಇದು ಯಾಕೆ ಕಾಣಲಿಲ್ಲ? ನಾವು ತಿಳಿನೀರನ್ನು ಇದ್ದ ಪಿಎಚ್‌ನಲ್ಲೇ ಹೆಕ್ಸೇನ್‌ನಿಂದ ಹೀರಿ ತೆಗೆಯುತ್ತಿದ್ದೆವು. ಎಸ್ಟರ್ ಹೆಕ್ಸೇನ್‌ಗೆ ಬರುತ್ತದೆ, ಅಯಾನು ರೂಪದ ಲಾರೇಟ್ ನೀರಿನಲ್ಲೇ ಉಳಿಯುತ್ತದೆ. ನಮ್ಮ ವಿಧಾನ ಎಸ್ಟರನ್ನು ಅಳೆಯಲು ಸರಿಯಾಗಿಯೇ ಇತ್ತು, ಅದಕ್ಕೇ ಆಮ್ಲವನ್ನು ಸಂಪೂರ್ಣವಾಗಿ ಕಾಣದೆ ಬಿಟ್ಟಿತ್ತು. ಮುಂದಿನ ಸಲ ನೀರನ್ನು ಮೊದಲು ಆಮ್ಲೀಯಗೊಳಿಸಿ ನಂತರ ಹೀರಿದೆವು. ಇಲ್ಲಿ ಇನ್ನೊಂದು ಗುಂಡಿ ಇತ್ತು, ಕೊಬ್ಬಿನಾಮ್ಲಗಳನ್ನು ಅಳೆಯುವವರೆಲ್ಲ ರೂಢಿಯಿಂದ ಮಾಡುವ ಕೆಲಸವೆಂದರೆ ಅವುಗಳನ್ನು ಮೀಥೈಲ್ ಎಸ್ಟರ್ ಆಗಿ ಬದಲಿಸಿ ಉಪಕರಣಕ್ಕೆ ಹಾಕುವುದು. ನಮ್ಮ ಪ್ರಕರಣದಲ್ಲಿ ಹಾಗೆ ಮಾಡಿದ್ದರೆ ಹುಡುಕುತ್ತಿದ್ದ ಆಮ್ಲವೇ ಎಸ್ಟರ್ ಆಗಿ, ಮೊದಲೇ ಇದ್ದ ಎಸ್ಟರಿನ ಜೊತೆ ಒಂದೇ ಗೆರೆಯಲ್ಲಿ ಬೆರೆತು ಹೋಗುತ್ತಿತ್ತು. ಆದ್ದರಿಂದ ಮೀಥೈಲ್ ಬದಲು ಸಿಲಿಕಾನ್ ಇರುವ ಸಿಲಿಲ್ ಗುಂಪು ಜೋಡಿಸುವ ವಿಧಾನವನ್ನು ಆರಿಸಿದೆವು. ಲಾರೇಟ್ ಪ್ರತ್ಯೇಕ ಗೆರೆಯಾಗಿ ಎದ್ದು ಬಂತು, ಹೊರೆ ಏರಿದಂತೆ ಅದೂ ಏರಿತು.

ಒಟ್ಟಿಗೆ ಏರುವುದು ಸಾಕ್ಷಿಯೇ ಹೊರತು ರುಜುವಾತಲ್ಲ. ಅದಕ್ಕಾಗಿ ಎರಡು ದಿಕ್ಕಿನಿಂದ ಪರೀಕ್ಷಿಸಿದೆವು. ಅದೇ ಮಾದರಿಯ ಒಂದು ಪಾಲನ್ನು ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಿಂದ ಹಲವು ಸಲ ತೊಳೆದು, ಒಣಗಿಸಿ, ಆಮ್ಲ ಮೌಲ್ಯವನ್ನು 0.2ಕ್ಕೆ ಇಳಿಸಿ ಪಾಚಿಗೆ ಕೊಟ್ಟಾಗ 100 ಮಿ.ಗ್ರಾಂ. ಹೊರೆಯಲ್ಲೂ ನಿಯಂತ್ರಣದೊಂದಿಗೆ ಅಂತರ ಬರಲಿಲ್ಲ. ಇನ್ನೊಂದು ಕಡೆ, ತೊಳೆದ ಎಸ್ಟರಿನ ತಿಳಿನೀರಿಗೆ ಲೀಟರಿಗೆ 1.4 ಮಿ.ಗ್ರಾಂ. ಲಾರೇಟ್ ಸೇರಿಸಿದಾಗ ಮೊದಲಿನ ಕಾಲು ಭಾಗದ ಕುಸಿತ ಮರಳಿ ಬಂತು. ತೆಗೆದಾಗ ಹೋಯಿತು, ಹಾಕಿದಾಗ ಬಂತು. ಇಡೀ ಪ್ರಕರಣದಲ್ಲಿ ನಾನು ಸಂಪೂರ್ಣ ನಂಬುವ ಫಲಿತಾಂಶ ಇದೊಂದೇ.

ಮಾಧ್ಯಮದ ಬಗ್ಗೆ ಒಂದು ಮಾತು ಹೇಳಬೇಕು. ಒಇಸಿಡಿ ಮಾಧ್ಯಮದಲ್ಲಿ ಲೀಟರಿಗೆ 18 ಮಿ.ಗ್ರಾಂ. ಜಲಯುಕ್ತ ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತದೆ, ಅದರಲ್ಲಿ ಕ್ಯಾಲ್ಸಿಯಂ 5 ಮಿ.ಗ್ರಾಂ.ಗೂ ಕಡಿಮೆ. ಅದು ಬಹಳ ಮೆದು ನೀರು. ಗಡಸು ನೀರಿನಲ್ಲಿ ಲಾರೇಟ್ ಕ್ಯಾಲ್ಸಿಯಂ ಜೊತೆ ಕೂಡಿ, ಬೋರ್‌ವೆಲ್ ನೀರಿನ ಬಕೆಟ್ಟಿನಲ್ಲಿ ಸಾಬೂನು ಹೆಪ್ಪುಗಟ್ಟುವ ಹಾಗೆ ಬಿಳಿ ಗಸಿಯಾಗಿ ಬೀಳುತ್ತದೆ, ಪಾಚಿಗೆ ಸಿಗುವ ಪಾಲು ಕಡಿಮೆಯಾಗುತ್ತದೆ. ನಮ್ಮ ಪರೀಕ್ಷೆ ಲಾರೇಟನ್ನು ಅದರ ಅತಿ ಪ್ರಬಲ ರೂಪದಲ್ಲಿ ತೋರಿಸಿತ್ತು.

ಆಮ್ಲ ಎಲ್ಲಿಂದ ಬಂತು?

ಮೀಥೈಲ್ ಎಸ್ಟರ್ ಪರೀಕ್ಷೆಯ ಫ್ಲಾಸ್ಕಿನಲ್ಲೇ ಒಡೆದು ಆಮ್ಲ ಆಗಿರಬಹುದೆಂಬ ವಾದವನ್ನು ಸಲಹೆಗಾರರು ಮುಂದಿಟ್ಟರು. ಪಿಎಚ್ 8ರಲ್ಲಿ ಬರೀ ನೀರಿನಿಂದ ಮೂರು ದಿನದಲ್ಲಿ ಅಷ್ಟು ಒಡೆಯುವುದಿಲ್ಲ. ಜೀವಿಗಳ ಕಿಣ್ವಗಳು ಒಡೆಯಬಲ್ಲವು, ಆದರೆ ನಾವು ಲಾರೇಟನ್ನು ಪಾಚಿ ಹಾಕುವ ಮೊದಲೇ ತಿಳಿನೀರಿನಲ್ಲಿ ಅಳೆದಿದ್ದೆವು. ಕಾರಣ ಕಾರ್ಖಾನೆಯಲ್ಲೇ ಇತ್ತು. ನಮಗೆ ಬಂದದ್ದು ಪ್ರಾಯೋಗಿಕ ಹಂತದ ತಯಾರಿಕೆಯ ಮಾದರಿ. ತೊಳೆದ ಮೇಲೆ ಸರಿಯಾಗಿ ಒಣಗಿಸದೆ, ತಳದಲ್ಲಿ ನೀರು ನಿಂತ ಡ್ರಮ್ಮಿನಲ್ಲಿ ಬೇಸಿಗೆಯಿಡೀ ತಗಡಿನ ಛಾವಣಿಯ ಕೆಳಗೆ ಇಟ್ಟಿದ್ದನ್ನು ತುಂಬಿ ಕಳಿಸಿದ್ದರು. ಮಾದರಿಯ ಜೊತೆ ಬಂದ ಪ್ರಮಾಣಪತ್ರದಲ್ಲಿ ಎಸ್ಟರಿನ ಶುದ್ಧತೆ ಇತ್ತು, ಆಮ್ಲ ಮೌಲ್ಯ ಇರಲಿಲ್ಲ. ಕೇಳದೆ ಸ್ವೀಕರಿಸಿದ್ದು ನನ್ನ ತಪ್ಪು.

ಅಂತಿಮ ಪರೀಕ್ಷೆಗೆ ಮಾರಾಟಕ್ಕೆ ಹೋಗುವ ದರ್ಜೆಯ ಹೊಸ ತಯಾರಿಕೆಯಿಂದ, ಆಮ್ಲ ಮೌಲ್ಯ 0.5ಕ್ಕಿಂತ ಕಡಿಮೆ ಇರುವ ಮಾದರಿ ತರಿಸಿದೆವು. 100 ಮಿ.ಗ್ರಾಂ. ಹೊರೆಯಲ್ಲಿ ಪರಿಣಾಮ ಕಾಣಲಿಲ್ಲ. ಕರಗಿದ ಎಸ್ಟರ್ 72 ಗಂಟೆಯ ಹೊತ್ತಿಗೆ ಪಾಚಿ ಇದ್ದ ಫ್ಲಾಸ್ಕ್‌ಗಳಲ್ಲಿ ಬಹುತೇಕ ಕಾಣೆಯಾಗಿತ್ತು, ಪಾಚಿ ಇಲ್ಲದ ಫ್ಲಾಸ್ಕ್‌ಗಳಲ್ಲಿ ಅಷ್ಟಾಗಿ ಕುಗ್ಗಿರಲಿಲ್ಲ. ಅಂದರೆ ಅದು ಕೋಶಗಳಿಗೆ ಸೇರುತ್ತಿತ್ತು, ಜೊತೆಗಿದ್ದ ಸೂಕ್ಷ್ಮಾಣುಗಳು ಅದನ್ನು ಒಡೆಯುತ್ತಿದ್ದವು. ಇದನ್ನು ಮರೆಮಾಚದೆ, ಆರಂಭದ ಮತ್ತು ಕೊನೆಯ ಅಳತೆಗಳೆರಡನ್ನೂ ವರದಿಯಲ್ಲಿ ಕೊಟ್ಟೆವು.

ಮೊದಲ ಪರೀಕ್ಷೆಯ ವರದಿಯನ್ನು ಕೈಬಿಡಬಹುದೇ ಎಂಬ ಪ್ರಶ್ನೆ ಎದ್ದಿತು. ಮಾಲೀಕರು ಹಣ ಕೊಟ್ಟವರು, ಅವರ ಆತಂಕ ನನಗೆ ಅರ್ಥವಾಗುತ್ತಿತ್ತು. ಆದರೆ ಜಿಎಲ್‌ಪಿ ಅಧ್ಯಯನ ಒಮ್ಮೆ ಆರಂಭವಾದರೆ ಅದರ ದಾಖಲೆ ಸಂಗ್ರಹದಲ್ಲಿ ಉಳಿಯಲೇಬೇಕು. ಅದಕ್ಕಿಂತ ಮುಖ್ಯವಾಗಿ, ಹನಿಗಳ ಅಂಟು ಮತ್ತು ಬಿಡಿ ಆಮ್ಲ ಎರಡೂ ಆ ವಸ್ತುವಿನ ಕುರಿತ ನಿಜ ಸಂಗತಿಗಳೇ. ಮೂರು ಪರೀಕ್ಷೆಗಳನ್ನೂ, ಯಾಕೆ ಮೊದಲೆರಡು ವರ್ಗೀಕರಣಕ್ಕೆ ಸಲ್ಲವೆಂಬ ವಿವರಣೆಯನ್ನೂ ಸೇರಿಸಿ ಕಡತ ಸಿದ್ಧಪಡಿಸಿದೆವು. ಪಾಚಿಯ ಫಲಿತಾಂಶದ ಮೇಲೆ ಸತ್ತ ಮೀನಿನ ಚಿತ್ರ ಬೇಕಾಗಲಿಲ್ಲ. ಡ್ಯಾಫ್ನಿಯಾ ಎಂಬ ನೀರಿನ ಚಿಗಟ ಮತ್ತು ಮೀನಿನ ಪ್ರಶ್ನೆಗಳು ಬೇರೆ, ಅವಕ್ಕೆ ಉತ್ತರ ಇಲ್ಲಿಲ್ಲ.

ತೊಳೆದ ನೀರು

ಕಡತ ಹೋದ ಮೇಲೆ ಮಾಲೀಕರು ಒಮ್ಮೆ ಪ್ರಯೋಗಾಲಯಕ್ಕೇ ಬಂದರು. ತೊಳೆಯುವ ಹಂತವನ್ನು ಸರಿಪಡಿಸಿ, ಒಣಗಿಸುವ ವ್ಯವಸ್ಥೆ ಹಾಕಿ, ಪ್ರತಿ ಡ್ರಮ್ಮಿನ ಮೇಲೆ ಆಮ್ಲ ಮೌಲ್ಯವನ್ನೂ ತಾರೀಖನ್ನೂ ಬರೆಸುತ್ತಿದ್ದೇನೆಂದು ಹೇಳಿ, ಎದ್ದು ಹೊರಡುವ ಮುನ್ನ ಕೇಳಿದರು.

"ಪಾಚಿಗೆ ಏನೂ ಆಗಲ್ಲ ಅಂತ ಆಯ್ತಲ್ಲ ಮೇಡಂ, ತೊಳೆದ ನೀರನ್ನ ಪಕ್ಕದ ಕೆರೆ ಕಾಲುವೆಗೆ ಬಿಟ್ರೆ ತೊಂದ್ರೆ ಇಲ್ಲ ಅಲ್ವಾ?"

"ಬೇಡ ಸಾರ್, ಬಿಡಲೇಬೇಡಿ. ಎಸ್ಟರಿನಿಂದ ತೆಗೆದದ್ದು ಎಲ್ಲಿಗೆ ಹೋಯ್ತು ಹೇಳಿ?"

ಅವರಿಗೆ ತಕ್ಷಣ ಹೊಳೆಯಿತು. ಡ್ರಮ್ಮಿನಿಂದ ಹೊರಬಂದ ಲಾರೇಟ್ ಅಷ್ಟೂ ತೊಳೆದ ನೀರಿನಲ್ಲಿತ್ತು, ಅದೂ ಸಾಬೂನಿನ ರೂಪದಲ್ಲಿ, ಪಾಚಿಗೆ ನೇರವಾಗಿ ಸಿಗುವಂತೆ. ಆ ನೀರಿನೊಂದಿಗೆ ಹೋಗುವ ಎಸ್ಟರಿನದು ಇನ್ನೊಂದು ಲೆಕ್ಕ. ಕಾಗದದ ಮೇಲೆ ಬರೆದು ತೋರಿಸಿದೆ: 1 ಗ್ರಾಂ ಮೀಥೈಲ್ ಲಾರೇಟ್ ಪೂರ್ತಿ ಕೊಳೆಯಲು 2.76 ಗ್ರಾಂ ಆಮ್ಲಜನಕ ಬೇಕು. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ 8 ಮಿ.ಗ್ರಾಂ.ಗಿಂತ ತುಸು ಹೆಚ್ಚು. ಒಂದು ಲೀಟರ್ ಎಸ್ಟರ್ ಕೆರೆಗೆ ಬಿದ್ದು ಅಲ್ಲೇ ಕೊಳೆತರೆ, ಗಾಳಿಯಿಂದ ಮತ್ತೆ ತುಂಬಿಕೊಳ್ಳುವವರೆಗೆ, ಸುಮಾರು 2.9 ಲಕ್ಷ ಲೀಟರ್ ನೀರಿನ ಆಮ್ಲಜನಕವನ್ನು ಅದು ಕುಡಿದುಬಿಡುತ್ತದೆ. ವಿಷವಲ್ಲವೆಂದು ಸಾಬೀತಾದ ವಸ್ತುವೂ ಮೀನನ್ನು ಉಸಿರುಗಟ್ಟಿಸಬಲ್ಲದು, ಮೇಲೆ ತೇಲುವ ಪದರವಾಗಿ ನಾವು ಮೊದಲ ಪರೀಕ್ಷೆಯಲ್ಲಿ ಕಂಡ ಹಾಗೆ ಪಾಚಿಯನ್ನು ಹಿಡಿದು ಮುಳುಗಿಸಬಲ್ಲದು.

ಕೆಲವು ತಿಂಗಳ ನಂತರ ಅವರು ಮೂರು ಕೋಣೆಗಳ ತೊಟ್ಟಿ ಕಟ್ಟಿಸಿದರು. ಮೊದಲನೆಯದರಲ್ಲಿ ತೇಲುವ ಎಸ್ಟರನ್ನು ಕೆನೆ ತೆಗೆದಂತೆ ತೆಗೆಯುತ್ತಾರೆ. ಎರಡನೆಯದರಲ್ಲಿ ಸುಣ್ಣ ಹಾಕುತ್ತಾರೆ, ಲಾರೇಟ್ ಕ್ಯಾಲ್ಸಿಯಂ ಸಾಬೂನಾಗಿ ಬಿಳಿ ಗಸಿಯಂತೆ ತಳ ಸೇರುತ್ತದೆ. ಮೂರನೆಯದರಲ್ಲಿ ಪಿಎಚ್ ಇಳಿಸಿ ಗಾಳಿ ಊದುತ್ತಾರೆ. ಮೂರನೆಯ ತೊಟ್ಟಿಯಿಂದ ಒಂದು ಕ್ಯಾನ್ ನೀರನ್ನು ನಮಗೆ ಕಳಿಸಿದ್ದರು. ವಿಶ್ಲೇಷಕಿ ಅದರ ಆಮ್ಲ ಮೌಲ್ಯವನ್ನೂ ಲಾರೇಟನ್ನೂ ಮೊದಲು ನೋಡಿ, ಕತ್ತಲೆ ಕೋಣೆಯಲ್ಲಿ ಲೇಸರ್ ಹಾಯಿಸಿ, ಆಮೇಲೆ ಪಾಚಿ ಹಾಕಿದಳು. ಮೂರನೆಯ ದಿನ ಬೆಳಿಗ್ಗೆ ಆ ಫ್ಲಾಸ್ಕ್‌ಗಳನ್ನೂ ನಿಯಂತ್ರಣದ ಫ್ಲಾಸ್ಕ್‌ಗಳನ್ನೂ ಕಿಟಕಿಯ ಬಳಿ ಸಾಲಾಗಿ ಇಟ್ಟಿದ್ದಳು. ಚೀಟಿ ನೋಡದೆ ಯಾವುದು ಯಾವುದೆಂದು ನನಗೆ ಹೇಳಲಾಗಲಿಲ್ಲ.